ಅಂಟಿಲ್ಲದ ಹಲಗೆ: ಅಡಿಕೆ ಸಿಪ್ಪೆ, ಮರದ ಹುಡಿ, ಅಣಬೆಯ ಕಿಣ್ವ

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಮನೆ. ಅಡಿಕೆ ಸುಲಿದು ಮುಗಿಯುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಸಿಪ್ಪೆಯ ರಾಶಿ ಆಳೆತ್ತರ ನಿಂತಿರುತ್ತದೆ. ಸ್ವಲ್ಪ ಬಚ್ಚಲ ಒಲೆಗೆ, ಸ್ವಲ್ಪ ತೆಂಗಿನ ಬುಡಕ್ಕೆ. ಉಳಿದದ್ದು ಮಳೆಗೆ ನೆನೆದು ಅಲ್ಲೇ ಕರಗುತ್ತದೆ. ಇನ್ನೂ ಮುಂದೆ ಹೋದರೆ ಮರದ ಮಿಲ್ಲು. ಅಲ್ಲಿ ರಬ್ಬರ್ ಮರದ ಹುಡಿಯನ್ನು ಕೇಳಿದವರಿಗೆ ಗೋಣಿಯಲ್ಲಿ ತುಂಬಿಸಿ ಕೊಡುತ್ತಾರೆ. ಇಷ್ಟೆಲ್ಲ ಸಾಮಾನು ಮನೆ ಬಾಗಿಲಲ್ಲೇ ಇದ್ದರೂ ಕಪಾಟಿಗೆ, ಸೀಲಿಂಗಿಗೆ ಬೇಕಾದ ಹಲಗೆಯನ್ನು ನಾವು ಎಲ್ಲಿಂದಲೋ ಲಾರಿಯಲ್ಲಿ ತರಿಸುತ್ತೇವೆ. ಹಲಗೆಯ ಜೊತೆ ಅದರೊಳಗಿನ ಅಂಟೂ ಮನೆಯೊಳಗೆ ಬರುತ್ತದೆ.

ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಕಡಿಮೆ ಬೆಲೆಯ ಪ್ಲೈವುಡ್ ಇವುಗಳಲ್ಲಿ ಹೆಚ್ಚಿನವನ್ನು ಹಿಡಿದಿಡುವುದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಅಂಟು. ಹೊಸ ಕಪಾಟಿನ ಬಾಗಿಲು ತೆರೆದಾಗ ಮೂಗಿಗೆ ಖಾರ ಹೊಡೆದ ಹಾಗೆ ಆಗುತ್ತದೆ, ಕಣ್ಣು ಉರಿಯುತ್ತದೆ, ಅಲ್ವಾ? ಅದು ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸೆಕೆ ಮತ್ತು ತೇವ ಜಾಸ್ತಿ ಇದ್ದಷ್ಟೂ ಹಲಗೆ ಇದನ್ನು ಜಾಸ್ತಿ ಬಿಡುತ್ತದೆ. ನಮ್ಮ ಕಾಸರಗೋಡಿನಲ್ಲಿ ಎರಡಕ್ಕೂ ಕೊರತೆಯಿಲ್ಲ. ಗೇರು ತೋಟದ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ಗಾಳಿಯಲ್ಲಿ ಬರುವ ವಿಷ ಕಣ್ಣಿಗೆ ಕಾಣುವುದಿಲ್ಲ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಅಂಟು ಇಲ್ಲದೆ ಹಲಗೆ ನಿಲ್ಲುತ್ತದಾ? ನಿಲ್ಲುತ್ತದೆ. ಮರದೊಳಗೇ ಅಂಟು ಇದೆ. ಅದನ್ನು ಎಬ್ಬಿಸುವ ಕೆಲಸವನ್ನು ಕಿಣ್ವ, ಅಂದರೆ ಎನ್‌ಜೈಮ್, ಮಾಡುತ್ತದೆ. ಮನೆಯ ಮಟ್ಟದಲ್ಲಿ ಇದನ್ನು ಹೇಗೆ ಮಾಡಿ ನೋಡಬಹುದು ಅನ್ನುವುದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಗುಜ್ಜೆ ಕೊಯ್ದು ನೋಡಿ

ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಹೆಚ್ಚಿ ಸುಮ್ನೆ ಇಟ್ಟರೆ ಹತ್ತು ನಿಮಿಷದಲ್ಲಿ ಕಂದಾಗುತ್ತದೆ. ಬಾಳೆದಿಂಡೂ ಹಾಗೆಯೇ. ಅದಕ್ಕೇ ಅಮ್ಮಂದಿರು ಅದನ್ನು ಮಜ್ಜಿಗೆ ನೀರಿಗೆ ಹಾಕುತ್ತಾರೆ. ಕೊಯ್ದಾಗ ಜೀವಕೋಶ ಒಡೆದು ಅದರೊಳಗಿನ ಫೀನಾಲ್ ಎಂಬ ಒಗರು ವಸ್ತು ಮತ್ತು ಒಂದು ಕಿಣ್ವ ಒಟ್ಟು ಸೇರುತ್ತವೆ. ಗಾಳಿಯ ಆಮ್ಲಜನಕ ತಾಗುತ್ತದೆ. ಸಣ್ಣ ಸಣ್ಣ ಫೀನಾಲ್ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದೊಡ್ಡದಾಗುತ್ತವೆ, ಬಣ್ಣ ಕಪ್ಪಾಗುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ನಮ್ಮ ಹಲಗೆಯ ಕೆಲಸದ ತಿರುಳೂ ಈ ಕೊಂಡಿ ಹಾಕುವುದೇ.

ಮರದಲ್ಲಿ ಅರ್ಧದಷ್ಟು ಸೆಲ್ಯುಲೋಸ್ ಎಂಬ ನಾರು. ಆ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಲಿಗ್ನಿನ್. ಮನೆ ಕಟ್ಟುವ ಭಾಷೆಯಲ್ಲಿ ಹೇಳುವುದಾದರೆ ಸೆಲ್ಯುಲೋಸ್ ಕಂಬಿ, ಲಿಗ್ನಿನ್ ಕಾಂಕ್ರೀಟು. ಹೆಚ್ಚಿನ ಮರಗಳಲ್ಲಿ ಲಿಗ್ನಿನ್ ನೂರಕ್ಕೆ 20ರಿಂದ 30 ಭಾಗ ಇರುತ್ತದೆ. ತೆಂಗಿನ ನಾರಿನಲ್ಲಿ ಸುಮಾರು 40. ಈ ಲಿಗ್ನಿನ್ ತುಂಬ ಫೀನಾಲಿನ ತುಣುಕುಗಳೇ. ಸರಿಯಾದ ಕಿಣ್ವ ತಾಗಿದರೆ ನಾರಿನ ಮೈಮೇಲಿನ ಲಿಗ್ನಿನ್ ಜಾಗೃತವಾಗುತ್ತದೆ, ಪಕ್ಕದ ನಾರಿನ ಲಿಗ್ನಿನ್ ಜೊತೆ ಕೈ ಕೂಡಿಸುತ್ತದೆ.

ಆ ಕಿಣ್ವದ ಹೆಸರು ಲಕೇಸ್. 1883ರಲ್ಲಿ ಯೋಶಿದಾ ಎಂಬ ಜಪಾನಿನ ವಿಜ್ಞಾನಿ ಲ್ಯಾಕರ್ ಎಂಬ ಮರದ ಸೊನೆಯಲ್ಲಿ ಇದನ್ನು ಮೊದಲು ಗುರುತಿಸಿದರು. ಆ ಮರದ ಹಾಲನ್ನು ಮರದ ಪಾತ್ರೆಗೆ ಬಳಿದರೆ ತಾನಾಗಿ ಗಟ್ಟಿಯಾಗಿ ಹೊಳೆಯುವ ಲೇಪ ಆಗುತ್ತದೆ. ಆ ಮರ ನಮ್ಮ ಗೇರು, ಮಾವು, ಚೇರೆ ಮರಗಳ ಕುಟುಂಬದ್ದು! ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿ ಚರ್ಮ ಸುಲಿದ ಅನುಭವ ಇದ್ದವರಿಗೆ ಈ ನೆಂಟಸ್ತನ ಕೂಡಲೇ ಅರ್ಥವಾಗುತ್ತದೆ. ಲಕೇಸಿನ ಒಂದೊಂದು ಅಣುವಿನ ಒಳಗೆ ನಾಲ್ಕು ತಾಮ್ರದ ಪರಮಾಣುಗಳಿವೆ. ಅದು ಗಾಳಿಯ ಆಮ್ಲಜನಕವನ್ನು ಬಳಸುತ್ತದೆ, ಕೊನೆಗೆ ಉಳಿಯುವುದು ನೀರು ಮಾತ್ರ. ಈ ತಾಮ್ರದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಿಣ್ವ ಎಲ್ಲಿಂದ ತರುವುದು?

ಎರಡು ದಾರಿ ಇದೆ. ಒಂದು, ಕಾರ್ಖಾನೆಯಲ್ಲಿ ತಯಾರಾದ ಲಕೇಸ್ ಪುಡಿ. ಜೀನ್ಸ್ ಬಟ್ಟೆಯ ನೀಲಿಯನ್ನು ಮಾಸಲು ಮಾಡಲು ಇದನ್ನು ಬಳಸುತ್ತಾರೆ, ಹಾಗಾಗಿ ಪೇಟೆಯಲ್ಲಿ ಸಿಗುತ್ತದೆ. ಡೆನ್ಮಾರ್ಕಿನ ಕ್ಲಾಸ್ ಫೆಲ್ಬಿ ಮತ್ತು ಜೊತೆಯವರು ಬೀಚ್ ಮರದ ನಾರಿಗೆ ಲಕೇಸ್ ಕೊಟ್ಟು, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಹೊರಗಿನ ಅಂಟಿಲ್ಲದೆ ಹಲಗೆ ಮಾಡಿದ ವಿವರವನ್ನು 2002ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅದಕ್ಕೆ ಮರವನ್ನು ನೂಲಿನಷ್ಟು ತೆಳ್ಳಗೆ ಬಿಡಿಸುವ ಯಂತ್ರ ಬೇಕು, 180ರಿಂದ 200 ಡಿಗ್ರಿ ಬಿಸಿಯಲ್ಲಿ ಒತ್ತುವ ಪ್ರೆಸ್ ಬೇಕು. ಮನೆಯವರ ಕೈಗೆ ಸಿಗುವ ಕೆಲಸ ಅಲ್ಲ.

ಇನ್ನೊಂದು ದಾರಿ ಅಣಬೆ. ನಾವು ಪಲ್ಯ ಮಾಡುವ ಚಿಪ್ಪಣಬೆ ಇದೆಯಲ್ಲ, ಅದು ಕಾಡಿನಲ್ಲಿ ಬಿದ್ದ ಮರದ ಮೇಲೆ ಬದುಕುವ ಜೀವಿ. ಹೊಟ್ಟೆಪಾಡಿಗೆ ಅದು ಲಕೇಸನ್ನೂ ಬೇರೆ ಕಿಣ್ವಗಳನ್ನೂ ತನ್ನ ಬಿಳಿ ಎಳೆಗಳಿಂದ ಹೊರಗೆ ಬಿಡುತ್ತದೆ. ಮರದ ಹುಡಿಯ ಮೈ ಸಡಿಲವಾಗುತ್ತದೆ, ಎಳೆಗಳು ಹುಡಿಯ ಕಣ ಕಣವನ್ನೂ ಹೊಲಿದು ಒಟ್ಟು ಮಾಡುತ್ತವೆ. ಹಾಗಾಗಿ ಕಿಣ್ವವನ್ನು ಡಬ್ಬಿಯಲ್ಲಿ ಕೊಳ್ಳುವ ಬದಲು, ಕಿಣ್ವ ಮಾಡುವವರನ್ನೇ ಮನೆಗೆ ಕರೆಯುವುದು ನನಗೆ ಸರಿ ಕಂಡಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮಾಡಿದ ಹಲಗೆ ಎಂಡಿಎಫ್‌ನಷ್ಟು ಗಟ್ಟಿ ಅಲ್ಲ. ಬೆಂಡಿನ ಹಾಗೆ ಹಗುರ. ಸೀಲಿಂಗಿನ ಒಳಪದರಕ್ಕೆ, ಸೆಕೆ ತಡೆಯಲು, ಸಾಮಾನು ಕಟ್ಟುವಾಗ ಥರ್ಮೋಕೋಲಿನ ಬದಲಿಗೆ, ಗಿಡದ ಕುಂಡಕ್ಕೆ, ಪಿನ್ ಚುಚ್ಚುವ ಬೋರ್ಡಿಗೆ ಚೆನ್ನಾಗಿ ಆಗುತ್ತದೆ. ಅದರ ಮೇಲೆ ಕೂರುವ ಹಾಗಿಲ್ಲ, ಬಚ್ಚಲಿನ ಹತ್ತಿರ ಇಡುವ ಹಾಗಿಲ್ಲ.

ಹುಡಿ ಆರಿಸುವುದು, ಎಲ್ಲಕ್ಕಿಂತ ಮುಖ್ಯ

ನನ್ನ ಮೊದಲ ಎರಡು ಪ್ರಯತ್ನ ಹಾಳಾದದ್ದು ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಸಲ ಪೀಠೋಪಕರಣ ಮಾಡುವ ಒಂದು ಅಂಗಡಿಯಿಂದ ರಬ್ಬರ್ ಮರದ ಹುಡಿ ತಂದೆ. ನೋಡಲು ಬೆಳ್ಳಗೆ, ನಯವಾಗಿತ್ತು. ಇಪ್ಪತ್ತು ದಿನ ಕಾದರೂ ಅಣಬೆ ಬೀಜದ ಸುತ್ತ ಒಂದು ಬೆರಳಗಲ ಬಿಟ್ಟು ಮುಂದೆ ಎಳೆ ಬರಲೇ ಇಲ್ಲ. ಕೊನೆಗೆ ನಮ್ಮ ಆಚಾರಿಯವರು ಬಂದು ನೋಡಿ ಕೇಳಿದರು: "ಇದು ಮದ್ದು ಹಾಕಿದ ಮರ ಅಲ್ವಾ ಮಾರಾಯ್ರೇ?" ರಬ್ಬರ್ ಮರಕ್ಕೆ ಹುಳ ಬೇಗ ಹಿಡಿಯುತ್ತದೆ. ಅದಕ್ಕೆ ಹಲಗೆ ಸೀಳಿದ ಮೇಲೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸಿನ ನೀರನ್ನು ಒತ್ತಡದಲ್ಲಿ ಒಳಗೆ ನುಗ್ಗಿಸುತ್ತಾರೆ. ಹುಳಕ್ಕೆ ಆಗದ ಮರ ಅಣಬೆಗೂ ಆಗುವುದಿಲ್ಲ. ಹಸಿ ದಿಮ್ಮಿ ಸೀಳುವ ಮಿಲ್ಲಿನ ಹುಡಿಯನ್ನೇ ತನ್ನಿ. ಕೇಳಿ, ಎದುರು ನಿಂತು ನೋಡಿ ತನ್ನಿ. ಪ್ಲೈವುಡ್ ಕೊಯ್ದ ಹುಡಿ ಅದರಲ್ಲಿ ಒಂದು ಹಿಡಿಯೂ ಬೆರೆಯಬಾರದು. ತೇಗದ ಹುಡಿಯೂ ಬೇಡ, ತೇಗದ ಎಣ್ಣೆ ಅಂಶವೇ ಶಿಲೀಂಧ್ರವನ್ನು ದೂರ ಇಡುತ್ತದೆ. ರಬ್ಬರ್, ಮಾವು ಒಳ್ಳೆಯದು.

ಎರಡನೇ ಸಲ ಅಡಿಕೆ ಸಿಪ್ಪೆ ಕೈ ಕೊಟ್ಟಿತು. ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬರದ ಹಾಗೆ ನಾವು ಮಳೆಗಾಲದಲ್ಲಿ ಬೋರ್ಡೋ ಮದ್ದು ಬಿಡುತ್ತೇವಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ಇರುವುದು ತಾಮ್ರ. ಲಕೇಸಿಗೆ ತಾಮ್ರ ಬೇಕು ಎಂದು ಮೇಲೆ ಹೇಳಿದೆ, ಕಣದಷ್ಟು ತಾಮ್ರ ಸಿಕ್ಕಿದರೆ ಅಣಬೆ ಲಕೇಸನ್ನು ಜಾಸ್ತಿಯೇ ಮಾಡುತ್ತದೆ. ಆದರೆ ಸಿಪ್ಪೆಯ ಮೇಲೆ ನೀಲಿ ಬಿಳಿ ಕಲೆ ಕಾಣುವಷ್ಟು ಮದ್ದು ಉಳಿದಿದ್ದರೆ ಅದು ಅಣಬೆಗೆ ವಿಷ. ಆ ಮದ್ದನ್ನು ಮಾಡಿರುವುದೇ ಶಿಲೀಂಧ್ರವನ್ನು ಕೊಲ್ಲಲು. ಈಗ ನಾನು ಸಿಪ್ಪೆಯನ್ನು ಒಂದು ಮಳೆಗಾಲ ಹೊರಗೆ ಬಿಟ್ಟು, ಆಮೇಲೆ ಎರಡು ಸಲ ತೊಳೆದು ಒಣಗಿಸಿ ಬಳಸುತ್ತೇನೆ. ಕಲೆ ಇರುವ ಸಿಪ್ಪೆಯನ್ನು ಆರಿಸಿ ಬಿಸಾಡುತ್ತೇನೆ. ತೊಳೆದ ನೀರನ್ನು ಬಾವಿ ಕಡೆಗೆ ಬಿಡಬೇಡಿ.

ತೆಂಗಿನ ಸಿಪ್ಪೆಯ ಹುಡಿಯೂ ಆಗುತ್ತದೆ. ಆದರೆ ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಒಣಗಿಸುವುದು ತ್ರಾಸ. ಕಾಲು ಭಾಗಕ್ಕಿಂತ ಜಾಸ್ತಿ ಹಾಕಬೇಡಿ.

ಅಳತೆ

ಒಂದು ಅಡಿ ಅಗಲ, ಒಂದು ಅಡಿ ಉದ್ದ, ಒಂದೂವರೆ ಇಂಚು ದಪ್ಪದ ಒಂದು ಹಲಗೆಗೆ: ಒಣ ಮರದ ಹುಡಿ 650 ಗ್ರಾಂ, ಎರಡು ಇಂಚಿಗಿಂತ ಸಣ್ಣಗೆ ಬಿಡಿಸಿದ ಅಡಿಕೆ ಸಿಪ್ಪೆಯ ನಾರು 300 ಗ್ರಾಂ, ಅಕ್ಕಿ ತೌಡು 50 ಗ್ರಾಂ, ಸುಣ್ಣದ ಕಲ್ಲಿನ ಹುಡಿ ಒಂದು ದೊಡ್ಡ ಚಮಚ, ನೀರು ಒಂದೂವರೆ ಲೀಟರ್. ಅಣಬೆ ಬೀಜ 200 ಗ್ರಾಂ.

ಹುಡಿ ತುಂಬ ನಯವಾಗಿದ್ದರೆ ಒಳಗೆ ಗಾಳಿ ಆಡುವುದಿಲ್ಲ. ನಾರು ಬೆರೆಸುವುದು ಅದಕ್ಕೇ. ಒಣಗಿದ ಮೇಲೆ ಹಲಗೆ ಮುರಿಯದ ಹಾಗೆ ಹಿಡಿದಿಡುವುದೂ ಆ ನಾರೇ. ತೌಡು ಅಣಬೆಗೆ ಮೊದಲ ಊಟ. ಮೊದಲ ಸಲ ಮಾಡುವವರು ತೌಡು ಬಿಟ್ಟರೂ ಆಗುತ್ತದೆ. ಎಳೆ ಸ್ವಲ್ಪ ನಿಧಾನ ಬರುತ್ತದೆ, ಆದರೆ ಹಸಿರು ಬೂಷ್ಟು ಹಿಡಿಯುವ ಭಯ ಕಡಿಮೆ.

ನೀರನ್ನು ಒಮ್ಮೆಲೇ ಸುರಿಯಬೇಡಿ. ಸ್ವಲ್ಪ ಸ್ವಲ್ಪ ಹಾಕಿ ಕೈಯಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು ಪುನಃ ಕಲಸಿ. ಮುಷ್ಟಿಯಲ್ಲಿ ಹಿಡಿದು ಜೋರಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಎರಡು ಮೂರು ಹನಿ ಕಾಣಬೇಕು, ಧಾರೆ ಬರಬಾರದು. ಕೈ ಬಿಡಿಸಿದಾಗ ಉಂಡೆ ನಿಲ್ಲಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರು ಬೇಡ. ಬೇರೆ ಇಲ್ಲದಿದ್ದರೆ ಒಂದು ರಾತ್ರಿ ಬಾಯಿ ಅಗಲದ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ.

ಬೇಯಿಸುವುದು

ಹುಡಿಯಲ್ಲಿ ಮೊದಲೇ ಇರುವ ಬೂಷ್ಟಿನ ಬೀಜಗಳನ್ನು ಸಾಯಿಸದೆ ಹೋದರೆ ಅವು ಅಣಬೆಗಿಂತ ಮೊದಲು ಊಟ ಮುಗಿಸುತ್ತವೆ. ಕಲಸಿದ ಹುಡಿಯನ್ನು ಬಿಸಿ ತಡೆಯುವ ದಪ್ಪ ತೊಟ್ಟೆಗೆ, ಅಂದರೆ ಅಣಬೆ ಬೆಳೆಯುವವರು ಬಳಸುವ ಪಿಪಿ ಚೀಲಕ್ಕೆ ತುಂಬಿ. ಬಾಯಿಗೆ ಹತ್ತಿ ಸಿಕ್ಕಿಸಿ ಕಟ್ಟಿ. ಪತ್ರೊಡೆ ಬೇಯಿಸುವ ದೊಡ್ಡ ಅಟ್ಟಿನಳಗೆ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಹಂಡೆಯ ತಳಕ್ಕೆ ಕಲ್ಲಿಟ್ಟು ಮೇಲೆ ಜಾಲರಿ ಇಟ್ಟು, ಹಬೆಯಲ್ಲಿ ನಾಲ್ಕು ಗಂಟೆ ಬೇಯಿಸಿ. ಲೆಕ್ಕ ಶುರುವಾಗುವುದು ಹಬೆ ಜೋರಾಗಿ ಬರಲು ತೊಡಗಿದ ಮೇಲೆ. ನಡುನಡುವೆ ನೀರು ಇದೆಯೋ ನೋಡಿ, ಬತ್ತಿದ್ದರೆ ಕುದಿಯುವ ನೀರನ್ನೇ ಸೇರಿಸಿ.

ಒಲೆ ಆರಿಸಿ ರಾತ್ರಿಯಿಡೀ ಮುಚ್ಚಳ ತೆಗೆಯದೆ ಬಿಡಿ. ಬೆಳಿಗ್ಗೆ ತೊಟ್ಟೆಯನ್ನು ಮಣಿಕಟ್ಟಿನ ಒಳಬದಿಗೆ ಒತ್ತಿ ಹಿಡಿಯಿರಿ. ಬೆಚ್ಚಗೆ ಅನಿಸಿದರೆ ಇನ್ನೂ ಕಾಯಿರಿ. 30 ಡಿಗ್ರಿಗಿಂತ ಕೆಳಗೆ ಬಂದ ಮೇಲೆಯೇ ಬೀಜ.

ಬೀಜ ಹಾಕುವುದು

ಚಿಪ್ಪಣಬೆಯ ಬೀಜ ಜೋಳ ಅಥವಾ ಗೋಧಿ ಕಾಳಿನ ಮೇಲೆ ಬೆಳೆಸಿದ ರೂಪದಲ್ಲಿ ಸಿಗುತ್ತದೆ. ಪ್ಲೂರೋಟಸ್ ಫ್ಲೋರಿಡಾ ಎಂಬ ಬಿಳಿ ಜಾತಿ ನಮ್ಮ ಹವೆಗೆ ಒಗ್ಗುತ್ತದೆ. ಕೂಡ್ಲಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗು ಅಡಿಕೆಯ ಕಸದ ಮೇಲೆ ಚಿಪ್ಪಣಬೆ ಬೆಳೆಸುವ ಬಗ್ಗೆ ಕೆಲಸ ನಡೆದಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ಬೀಜದ ಬಗ್ಗೆ ಕೇಳಿ ನೋಡಿ. ತೊಟ್ಟೆಯ ಒಳಗೆ ಬೀಜ ಅಚ್ಚ ಬಿಳಿ ಇರಬೇಕು. ಹಸಿರು, ಕಪ್ಪು ಚುಕ್ಕೆ ಅಥವಾ ಹುಳಿ ವಾಸನೆ ಇದ್ದರೆ ತರಬೇಡಿ.

ಫ್ಯಾನ್ ಆಫ್ ಮಾಡಿ. ಕಿಟಕಿ ಮುಚ್ಚಿ. ಮೇಜು, ಕೈ, ಕತ್ತರಿ ಎಲ್ಲವನ್ನೂ ಸ್ಪಿರಿಟಿನಲ್ಲಿ ಒರೆಸಿ, ಸ್ಪಿರಿಟ್ ಆರುವವರೆಗೆ ಬೆಂಕಿ ಹತ್ತಿರ ಬೇಡ. ಬಾಯಿಗೆ ಮಾಸ್ಕ್. ತೊಟ್ಟೆ ಬಿಚ್ಚಿ, ಬೀಜ ಉದುರಿಸಿ, ಮುಚ್ಚಿ, ಹೊರಗಿನಿಂದ ಅಲುಗಾಡಿಸಿ ಬೆರೆಸಿ. ಎರಡು ನಿಮಿಷದ ಕೆಲಸ, ಆದರೆ ಉಳಿದ ಒಂದು ತಿಂಗಳ ಹಣೆಬರಹ ನಿರ್ಧಾರವಾಗುವುದು ಇಲ್ಲಿ.

ಆಮೇಲೆ ಬೆಳಕು ಬೀಳದ ಕಡೆ ಇಡಿ. 24ರಿಂದ 28 ಡಿಗ್ರಿ ಇದ್ದರೆ ಅಣಬೆ ಖುಷಿಯಾಗಿರುತ್ತದೆ. ನಾನು ದೀಪಾವಳಿ ಕಳೆದ ಮೇಲೆ ಶುರು ಮಾಡಿ ಫೆಬ್ರವರಿಗೆ ನಿಲ್ಲಿಸುತ್ತೇನೆ. ಮಾರ್ಚ್ ಏಪ್ರಿಲಿನ ಸೆಕೆ ಅದಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಎಳೆ ಚೆನ್ನಾಗಿ ಬರುತ್ತದೆ, ಆದರೆ ಒಣಗಿಸಲು ಬಿಸಿಲೆಲ್ಲಿ?

ಮೂರನೇ ದಿನ ಕಾಳಿನ ಸುತ್ತ ಬಿಳಿ ಮಂಜಿನ ಹಾಗೆ ಕಾಣುತ್ತದೆ. ವಾರ ಕಳೆಯುವಾಗ ತೊಟ್ಟೆಯೊಳಗೆ ಬಿಳಿ ದಾರಿಗಳು ಒಂದಕ್ಕೊಂದು ಸೇರುತ್ತವೆ. ಎರಡೂವರೆ ಮೂರು ವಾರಕ್ಕೆ ಇಡೀ ಹುಡಿ ಬಿಳಿ. ಮೂಸಿದರೆ ಮೊದಲ ಮಳೆಗೆ ನೆನೆದ ತರಗೆಲೆಯ ವಾಸನೆ. ಎಲ್ಲಾದರೂ ಹಸಿರು ಕಂಡರೆ ಆ ತೊಟ್ಟೆಯನ್ನು ಬಿಚ್ಚದೆ ದೂರ ಕೊಂಡುಹೋಗಿ ಹೂತುಬಿಡಿ. ಹಸಿರು ಭಾಗ ಮಾತ್ರ ತೆಗೆದು ಉಳಿಸಿಕೊಳ್ಳುತ್ತೇನೆ ಅನ್ನುವ ಆಸೆ ಬೇಡ.

ಕಿಣ್ವ ಇದೆಯೋ ಇಲ್ಲವೋ, ಕಣ್ಣಲ್ಲೇ ನೋಡಬಹುದು

ಇದು ಮಕ್ಕಳನ್ನು ಕೂರಿಸಿಕೊಂಡು ಮಾಡುವಂಥದ್ದು. ಬಿಳಿಯಾದ ಹುಡಿಯಿಂದ ಎರಡು ಹಿಡಿ ತೆಗೆದು, ಅದರ ಮೂರು ಪಾಲು ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿ, ಬಟ್ಟೆಯಲ್ಲಿ ಹಿಂಡಿ. ಆ ನೀರನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಹತ್ತು ನಿಮಿಷ ಕುದಿಸಿ ತಣಿಸಿ, ಕುದಿಸಿದರೆ ಕಿಣ್ವ ಸಾಯುತ್ತದೆ. ಎರಡು ಗಾಜಿನ ಲೋಟದಲ್ಲಿ ತೆಳ್ಳಗಿನ, ತಣ್ಣಗಾದ ಗ್ರೀನ್ ಟೀ ತೆಗೆದುಕೊಳ್ಳಿ. ಒಂದಕ್ಕೆ ಕುದಿಸದ ನೀರು, ಇನ್ನೊಂದಕ್ಕೆ ಕುದಿಸಿದ ನೀರು, ಎರಡಕ್ಕೂ ಒಂದೇ ಅಳತೆ. ಕೆಲವು ಗಂಟೆ ಬಿಟ್ಟು ಬಿಳಿ ಕಾಗದದ ಎದುರು ಹಿಡಿದು ನೋಡಿ. ಕುದಿಸದ್ದರ ಬಣ್ಣ ಹೆಚ್ಚು ಕಂದಾಗಿದ್ದರೆ ಕಿಣ್ವ ಕೆಲಸ ಮಾಡುತ್ತಿದೆ ಎಂದು ಅರ್ಥ. ಚಾ ಎಲೆಯ ಫೀನಾಲನ್ನು ಅದು ಕೊಂಡಿ ಹಾಕಿದೆ. ಗುಜ್ಜೆಯಲ್ಲಿ ನೋಡಿದ ಆಟವೇ ಇದು. ಆ ಲೋಟಗಳನ್ನು ಯಾರೂ ಕುಡಿಯದ ಹಾಗೆ ಎತ್ತಿಡಿ. ಇದೇ ಬಗೆಯ ಪರೀಕ್ಷೆಯನ್ನು ಟ್ಯಾನಿಕ್ ಆಸಿಡ್ ಬಳಸಿ 1928ರಲ್ಲೇ ಬಾವೆನ್‌ಡಾಮ್ ಎಂಬ ಜರ್ಮನ್ ವಿಜ್ಞಾನಿ ಮಾಡಿ ತೋರಿಸಿದ್ದಾರೆ.

ಅಚ್ಚಿಗೆ ಹಾಕುವುದು

ಅಚ್ಚಿಗೆ ಮರದ ಚೌಕಟ್ಟು ಬೇಡ. ಅಣಬೆ ಅದನ್ನೂ ಹಿಡಿದು ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಟ್ರೇ, ಅಥವಾ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ತಗಡಿನ ಟ್ರೇ ಸಾಕು. ಸ್ಪಿರಿಟಿನಲ್ಲಿ ಒರೆಸಿ. ಬಿಳಿಯಾದ ಹುಡಿಯನ್ನು ಶುದ್ಧ ಕೈಯಲ್ಲಿ ಪುಡಿ ಮಾಡಿ ತುಂಬಿ. ಕಟ್ಟಿದ್ದನ್ನು ಪುನಃ ಒಡೆಯುವುದು ಯಾಕೆ ಅಂತ ಅನಿಸಬಹುದು. ಒಡೆದ ಎಳೆಗಳು ಎಲ್ಲ ಕಡೆಯಿಂದ ಒಮ್ಮೆಲೇ ಬೆಳೆದು ಮೊದಲಿಗಿಂತ ಬಿಗಿಯಾಗಿ ಹೆಣೆದುಕೊಳ್ಳುತ್ತವೆ.

ಮೂಲೆಗಳನ್ನು ಮೊದಲು ಒತ್ತಿ, ಆಮೇಲೆ ನಡು. ಅಂಗೈಯಲ್ಲಿ ಒತ್ತಿದರೆ ಸಾಕು, ಕಾಲಲ್ಲಿ ತುಳಿದ ಹಾಗೆ ಗಟ್ಟಿ ಮಾಡಿದರೆ ನಡುಭಾಗಕ್ಕೆ ಗಾಳಿ ಸಿಗದೆ ಹುಳಿ ಹಿಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸೂಜಿಯಲ್ಲಿ ಇಪ್ಪತ್ತು ಮೂವತ್ತು ತೂತು ಮಾಡಿ. ಐದರಿಂದ ಏಳು ದಿನ. ಮೇಲ್ಮೈ ದಪ್ಪ ಬಿಳಿ ತೊಗಲಿನ ಹಾಗಾದಾಗ ಅಚ್ಚಿನಿಂದ ಕವುಚಿ, ತಿರುಗಿಸಿ, ಇನ್ನೆರಡು ದಿನ ಅದೇ ಹಾಳೆಯಡಿ ಇಡಿ, ಅಡಿಭಾಗವೂ ಬಿಳಿಯಾಗಲಿ.

ಇಲ್ಲಿ ತಡ ಮಾಡಬೇಡಿ. ಇನ್ನೂ ಬಿಟ್ಟರೆ ಅಣಬೆ ಹೂ ಬಿಡುತ್ತದೆ. ಹೂ ಬಿಟ್ಟರೆ ಹಲಗೆ ಸೊರಗುತ್ತದೆ, ಅದರ ಹುಡಿಬೀಜ ಗಾಳಿಯಲ್ಲಿ ಹಾರಿ ಉಸಿರಿಗೆ ತೊಂದರೆ ಮಾಡುತ್ತದೆ. ದಮ್ಮು ಇರುವವರು ಆ ಕೋಣೆಗೆ ಹೋಗಬಾರದು. ಬಂದ ಅಣಬೆಯನ್ನು ಪಲ್ಯಕ್ಕೂ ಹಾಕಬೇಡಿ. ಸಿಪ್ಪೆಯಲ್ಲಿ ಮೈಲುತುತ್ತು ಎಷ್ಟು ಉಳಿದಿತ್ತೋ, ಮಿಲ್ಲಿನ ಹುಡಿಯಲ್ಲಿ ಎಂತ ಇತ್ತೋ ನಮಗೆ ಗೊತ್ತಿಲ್ಲ.

ಒಣಗಿಸುವುದು

ಅಡಿಕೆ ಒಣಗಿಸುವ ಸೋಲಾರ್ ಮನೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೆಲಕ್ಕೆ ಹಾಕಬೇಡಿ, ಸಲಾಕೆಗಳ ಮೇಲೆ ಇಡಿ, ದಿನಕ್ಕೆ ಎರಡು ಸಲ ತಿರುಗಿಸಿ. ಒಂದೇ ಬದಿ ಒಣಗಿದರೆ ಹಪ್ಪಳದ ಹಾಗೆ ಬಾಗುತ್ತದೆ. ಒದ್ದೆಯಲ್ಲಿ ಎರಡೂವರೆ ಕಿಲೋಗಿಂತ ಜಾಸ್ತಿ ಇದ್ದ ಹಲಗೆ ಕೊನೆಗೆ ಒಂದು ಕಿಲೋಗಿಂತ ಕಡಿಮೆಗೆ ಬರುತ್ತದೆ. ಸ್ವಲ್ಪ ಕುಗ್ಗುವುದೂ ಇದೆ. ದಿನಾ ತೂಗಿ ನೋಡಿ, ಎರಡು ದಿನ ತೂಕ ಒಂದೇ ನಿಂತರೆ ಒಣಗಿದೆ ಎಂದು ಲೆಕ್ಕ. ಆಮೇಲೆ 70ರಿಂದ 80 ಡಿಗ್ರಿಯಲ್ಲಿ ಮೂರು ಗಂಟೆ ಓವನ್ನಿನಲ್ಲಿ ಅಥವಾ ಕೊಪ್ಪರ ಡ್ರೈಯರಿನಲ್ಲಿ ಇಟ್ಟು ಅಣಬೆಯನ್ನು ಪೂರ್ತಿ ನಿಲ್ಲಿಸಿ. ಇದನ್ನು ಬಿಟ್ಟರೆ ಜೂನ್ ತಿಂಗಳಲ್ಲಿ ಗೋಡೆಯ ಮೇಲೆ ಪುನಃ ಎಚ್ಚರವಾಗಬಹುದು.

ಇನ್ನೂ ಗಟ್ಟಿ ಬೇಕಾದರೆ

ನಮ್ಮ ಊರಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಗಳು ತುಂಬ ಇವೆ. ಅದರ ಬಿಸಿ ಅಚ್ಚು ಒಂದು ಸಣ್ಣ ಹಾಟ್ ಪ್ರೆಸ್ ಅಲ್ಲದೆ ಮತ್ತೇನು? ಹತ್ತಿರದ ಘಟಕದ ಅಕ್ಕ ಮೊದಲು ನನ್ನ ಬಿಳಿ ತುಂಡನ್ನು ನೋಡಿ, "ಇದೆಂತ, ಬೂಷ್ಟು ಹಿಡಿದದ್ದನ್ನು ನನ್ನ ಮೆಷಿನಿಗೆ ಹಾಕ್ತೀರಾ?" ಎಂದು ಕೇಳಿದರು. ಎರಡು ಹಾಳೆಯ ನಡುವೆ ಇಟ್ಟು ಒತ್ತುತ್ತೇನೆ ಎಂದ ಮೇಲೆ ಒಪ್ಪಿದರು.

ಇದಕ್ಕೆ ಅರ್ಧ ಇಂಚು ದಪ್ಪದ ತೆಳು ಹಲಗೆ ಬೇಕು. ಬಿಸಿಲಲ್ಲಿ ಒಣಗಿಸಿ, ಕೈಗೆ ಒಣಗಿದೆ ಅನಿಸಿದರೂ ಒಳಗೆ ತುಸು ಹಸಿ ಇರುವ ಹದ. ತುಂಬ ಒದ್ದೆ ಇದ್ದರೆ ಒಳಗಿನ ನೀರು ಹಬೆಯಾಗಿ, ಅಚ್ಚು ತೆರೆಯುವಾಗ ಟಪ್ ಎಂದು ಸಿಡಿದು ಹಲಗೆ ಎರಡು ಪದರ ಆಗುತ್ತದೆ. ಕೈ, ಮುಖ ದೂರ ಇರಲಿ. ನಿಧಾನ ಒತ್ತಿ, ಅರ್ಧ ನಿಮಿಷಕ್ಕೊಮ್ಮೆ ಸ್ವಲ್ಪ ಸಡಿಲ ಮಾಡಿ ಹಬೆ ಬಿಡಿ, ಪುನಃ ಒತ್ತಿ. ಐದಾರು ನಿಮಿಷ. ನನಗೆ ಸಿಕ್ಕಿದ್ದು ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎನ್ನುವ, ಜೇನಿನ ಬಣ್ಣದ ತೆಳು ತಗಡಿನಂಥ ತುಂಡು. ಕಿಣ್ವ ಮೆತ್ತಗೆ ಮಾಡಿದ ಲಿಗ್ನಿನ್ ಬಿಸಿಗೆ ಹರಿದು ತಣಿದಾಗ ಹಿಡಿದುಕೊಂಡದ್ದು ಅದು.

ತೆಂಗಿನ ಸಿಪ್ಪೆಗಾದರೆ ಕಿಣ್ವವೂ ಬೇಡ, ಬಿಸಿಯೊಂದೇ ಸಾಕಾಗಬಹುದು. ನೆದರ್‌ಲ್ಯಾಂಡಿನ ವಾಗೆನಿಂಗನ್ನಿನ ಸಂಶೋಧಕರು ಇಡೀ ತೆಂಗಿನ ಸಿಪ್ಪೆಯನ್ನು ಅಂಟಿಲ್ಲದೆ ಒತ್ತಿ ಗಟ್ಟಿ ಹಲಗೆ ಮಾಡಿದ ವಿಧಾನವನ್ನು 2004ರಲ್ಲಿ ಪ್ರಕಟಿಸಿದ್ದಾರೆ. ದೊಡ್ಡ ಪ್ರೆಸ್ ಇರುವ ಸ್ವಸಹಾಯ ಗುಂಪುಗಳು, ಸೊಸೈಟಿಗಳು ಇದನ್ನು ಗಂಭೀರವಾಗಿ ಯೋಚಿಸಬೇಕು ಎಂದು ನನಗೆ ಅನಿಸುತ್ತದೆ. ತಾಂತ್ರಿಕ ಸಲಹೆಗೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ ಇದೆ. ಲಕೇಸ್ ಪುಡಿಯ ದಾರಿ ಹಿಡಿಯುವುದಿದ್ದರೂ ಅಂಥವರ ಜೊತೆ ಮಾತಾಡಿಯೇ ಹಿಡಿಯಿರಿ. ಅದಕ್ಕೆ ನೀರಿನ ಹುಳಿ ಪಿಎಚ್ 5ರ ಹತ್ತಿರ, ಬಿಸಿ 40ರಿಂದ 50 ಡಿಗ್ರಿ ಇರಬೇಕು, ಕಲಕುತ್ತಾ ಗಾಳಿ ಕೊಡಬೇಕು. ನಮ್ಮ ಮುರಕಲ್ಲಿನ ಬಾವಿ ನೀರು ಹೆಚ್ಚಾಗಿ ಹುಳಿ ಕಡೆಗೇ ಇರುವುದರಿಂದ ಆ ಮಟ್ಟಿಗೆ ಅನುಕೂಲ.

ಮಳೆ ಮತ್ತು ಒರಲೆ

ಒಣಗಿದ ಹಲಗೆಯ ಬಿಳಿ ತೊಗಲು ನೀರ ಹನಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಕೊಯ್ದ ಅಂಚು ತಡೆಯುವುದಿಲ್ಲ, ಉಬ್ಬುತ್ತದೆ. ಹಾಗಾಗಿ ಹಲಗೆಯನ್ನು ಆದಷ್ಟು ಕೊಯ್ಯಬೇಡಿ, ಬೇಕಾದ ಅಳತೆಯ ಅಚ್ಚಿನಲ್ಲೇ ಬೆಳೆಸಿ. ಅಂಚಿಗೆ ಜೇನುಮೇಣ ಕರಗಿಸಿ ಬಿಸಿಯಿರುವಾಗಲೇ ಬಳಿಯಿರಿ. ಅಗಸೆ ಎಣ್ಣೆಯೂ ಆಗುತ್ತದೆ, ಎರಡು ಸಲ, ನಡುವೆ ನಾಲ್ಕು ದಿನ ಬಿಡುವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಬೆಂಕಿ ಹತ್ತುವುದಿದೆ. ಬಿಡಿಸಿ ಒಣಗಿಸಿ. ಗೇರುಬೀಜದ ಎಣ್ಣೆ ಬಳಿಯುವ ಯೋಚನೆ ನನಗೂ ಬಂದಿತ್ತು, ಆದರೆ ಹಸಿ ಎಣ್ಣೆ ಚರ್ಮ ಸುಡುತ್ತದೆ. ಮನೆಯಲ್ಲಿ ಬೇಡ.

ಒರಲೆ, ಅಂದರೆ ಗೆದ್ದಲು, ಇದನ್ನು ಬಿಡುವುದಿಲ್ಲ. ನೆಲಕ್ಕೆ ಅಥವಾ ಮಣ್ಣಿನ ಗೋಡೆಗೆ ತಾಗುವ ಕಡೆ ಹಾಕಲೇಬೇಡಿ. ಸೀಲಿಂಗಿಗೆ ಹಾಕುವುದಾದರೆ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, ಮೇಲಿನಿಂದ ಹಂಚಿನ ಸೋರಿಕೆ ಇಲ್ಲ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳಿ. ಒಲೆಯ ಮೇಲೆ, ವಯರಿಂಗಿನ ಹತ್ತಿರ ಬೇಡ.

ನಮ್ಮ ಅಟ್ಟದ ಕೋಣೆಗೆ ಹನ್ನೆರಡು ಹಲಗೆ ಹಾಕಿ ಎರಡು ಮಳೆಗಾಲ ಕಳೆಯಿತು. ಹತ್ತು ಹಾಗೆಯೇ ಇವೆ. ಎರಡು, ಹಂಚು ಒಡೆದ ಕಡೆ ಇದ್ದವು, ನೆನೆದು ಕಪ್ಪಾಗಿ ಜೋತುಬಿದ್ದವು. ಅವನ್ನು ಇಳಿಸಿ ಮುರಿದು ಗೇಟಿನ ಪಕ್ಕದ ತೆಂಗಿನ ಬುಡಕ್ಕೆ ಹಾಕಿದೆ. ಮೇಣ ಬಳಿದ ಅಂಚನ್ನು ಮಾತ್ರ ಮೊದಲೇ ಕೊಯ್ದು ತೆಗೆದಿದ್ದೆ. ಮುಂದಿನ ಮಳೆ ಬರುವ ಮೊದಲೇ ಅಲ್ಲಿ ಹಲಗೆ ಇದ್ದ ಗುರುತು ಉಳಿದಿರಲಿಲ್ಲ, ಕೈ ಹಾಕಿದರೆ ಎರೆಹುಳ ಸಿಕ್ಕಿತು.